ಮುಜಂಟಿ ಸೇರಿದ ಹೂಕುಂಡ

ಮಡಕೆಯ ಅಡಿಗೆ ತೂತು ಹಾಕುವುದು ನಮ್ಮಲ್ಲಿ ಒಂದೇ ಕೆಲಸಕ್ಕೆ. ಹೆಣ ಸುಡುವಾಗ ಮಗ ನೀರು ತುಂಬಿದ ಮಡಕೆಯನ್ನು ಹೆಗಲ ಮೇಲಿಟ್ಟು ಸುತ್ತು ಬರುತ್ತಾನೆ. ಹಿಂದಿನಿಂದ ಒಬ್ಬ ಕತ್ತಿಯ ತುದಿಯಲ್ಲಿ ಅಡಿಗೆ ತೂತು ಮಾಡುತ್ತಾನೆ. ನೀರು ಸೋರುತ್ತದೆ. ಕೊನೆಗೆ ಮಡಕೆಯನ್ನು ಬೆನ್ನ ಹಿಂದಕ್ಕೆ ಬಿಟ್ಟು, ತಿರುಗಿ ನೋಡದೆ ಬರಬೇಕು. ಅಜ್ಜ ಸತ್ತಾಗ ಅಪ್ಪ ಹೀಗೆ ಸುತ್ತು ಬಂದಿದ್ದ. ಆ ಮಡಕೆ ಅಜ್ಜನೇ ಮಾಡಿದ್ದು.

ನಾವು ಕುಂಬಾರರು. ಮನೆ ಕಾರ್ಕಳದಿಂದ ಉಡುಪಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಮನೆಮಾತು ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಚಕ್ರದಿಂದ ಇಳಿಸುವಾಗ ನಮ್ಮ ಅಡುಗೆ ಮಡಕೆಗೆ ಅಡಿಯೇ ಇರುವುದಿಲ್ಲ. ಸ್ವಲ್ಪ ಆರಿದ ಮೇಲೆ ಒಳಗೆ ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಮಣ್ಣನ್ನು ಎಳೆದು ಅಡಿ ಮುಚ್ಚಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಅಜ್ಜಿಯದು. ಅಪ್ಪನ ತಾಯಿ. ಕಾಪು ಕಡೆಯಿಂದ ಮದುವೆಯಾಗಿ ಬಂದವಳು. ಮದುವೆಯಾದ ವರ್ಷದಿಂದ ಅವಳು ಅಡಿ ಮುಚ್ಚುತ್ತಲೇ ಇದ್ದಳು. ಮಡಕೆ ಸುಡುವ ಆವೆಯಿಂದ ತೆಗೆಯುವಾಗ ಯಾವುದಾದರೂ ಒಂದರ ಅಡಿಯಲ್ಲಿ ಬಿರುಕು ಕಂಡರೆ ಎರಡು ದಾರಿ. ಕೂದಲೆಳೆಯಷ್ಟು ಬಿರುಕಾದರೆ ಅಜ್ಜಿ ಮುಜಂಟಿ ಮೇಣ ಹಚ್ಚುತ್ತಿದ್ದಳು. ಮುಜಂಟಿ ಅಂದರೆ ನುಸಿಯಷ್ಟೇ ದೊಡ್ಡದಾದ, ಚುಚ್ಚದ ಕಪ್ಪು ಜೇನು. ಅದರ ಮೇಣವೂ ಕಪ್ಪು, ಅಂಟು. ಹಚ್ಚಿದರೆ ಬಿರುಕು ಹನಿ ಬಿಡುವುದಿಲ್ಲ. ದೊಡ್ಡ ತೂತಾದರೆ ಮಡಕೆಯನ್ನು ಅಂದೇ ಒಡೆಯಬೇಕು. ತೂತಿನ ಮಡಕೆ ಅಂಗಳದಲ್ಲಿ ರಾತ್ರಿ ಕಳೆಯಬಾರದು. ಇದು ಅಜ್ಜಿಯ ಕಾನೂನು. ಯಾಕೆಂದು ಯಾರೂ ಕೇಳಿರಲಿಲ್ಲ, ಯಾರೂ ಮೀರಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನಮ್ಮ ಕೆಲಸವೂ ಮುಗಿಯುತ್ತಾ ಬಂತು. ಎಲ್ಲರ ಒಲೆಯ ಮೇಲೂ ಅಲ್ಯೂಮಿನಿಯಂ ಕೂತಿತು. ಅಪ್ಪ ಕಾರ್ಕಳದ ಸಂತೆಗೆ ಹೊತ್ತ ಮಡಕೆಗಳನ್ನು ಅರ್ಧಕ್ಕರ್ಧ ವಾಪಸು ಹೊತ್ತು ತರುತ್ತಿದ್ದ. ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಊಟ ನಡೆಯುತ್ತಿದ್ದದ್ದು ಅದರಿಂದ. ನಮ್ಮ ಕೇರಿಯ ಇಬ್ಬರು ಚಕ್ರ ನಿಲ್ಲಿಸಿ ಕೆಂಪುಕಲ್ಲು ಕಡಿಯುವ ಕೋರೆಗೆ ಕೂಲಿಗೆ ಹೋಗಿದ್ದರು. ಮುಂದಿನ ಸರದಿ ಅಪ್ಪನದು ಎಂದು ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ಬೆನ್ನು ಗಟ್ಟಿ ಇರಲಿಲ್ಲ. ಕೋರೆಗೆ ಹೋದರೆ ಹೆಚ್ಚು ವರ್ಷ ನಡೆಯುವ ಹಾಗಿರಲಿಲ್ಲ.

ಆಗ ಮಣಿಪಾಲದಿಂದ ಒಬ್ಬ ತೋಟದ ಮೇಸ್ತ್ರಿ ಬಂದ. ಗುಡ್ಡದ ಮೇಲೆ ಕಟ್ಟಡದ ಹಿಂದೆ ಕಟ್ಟಡ ಏಳುತ್ತಿತ್ತು, ಎಲ್ಲದರ ಎದುರೂ ಹೂಕುಂಡ ಬೇಕಿತ್ತು. ಮೇಸ್ತ್ರಿ ಮಂಗಳೂರು ಕಡೆಯ ಹಂಚಿನ ಕಾರ್ಖಾನೆಯ ಒಂದು ಕುಂಡವನ್ನು ಮಾದರಿಗೆಂದು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ.

"ಇದೇ ಅಳತೆ, ಇದೇ ಬಾಯಿ, ಇದೇ ತೂತು. ಇಲ್ಲಿಂದ ಮಣಿಪಾಲ ಹತ್ತಿರ. ನೀವು ಮಾಡಿ ಕೊಟ್ಟರೆ ನಾನು ಮಂಗಳೂರಿಗೆ ಯಾಕೆ ಹೋಗಲಿ?" ಎಂದ.

ಅಪ್ಪ ಕುಂಡವನ್ನು ತಿರುಗಿಸಿ ಅಡಿ ನೋಡಿದ. ಹೆಬ್ಬೆರಳು ಹೋಗುವಷ್ಟು ತೂತು.

"ತೂತು ಬೇಕೇ ಬೇಕಾ?"

"ತೂತಿಲ್ಲದಿದ್ದರೆ ನೀರು ನಿಂತು ಗಿಡ ಸಾಯುತ್ತದೆ ಮಾರಾಯ್ರೆ. ಅದು ಕುಂಡ ಆಗುವುದಿಲ್ಲ, ಬಾಲ್ದಿ ಆಗುತ್ತದೆ."

ಒಳಗಿನಿಂದ ಅಜ್ಜಿ ಬಂದಳು. ಕುಂಡ ನೋಡಿದಳು. ಮೇಸ್ತ್ರಿಗೆ ಬೆಲ್ಲ, ನೀರು ಕೊಟ್ಟಳು. ಆಮೇಲೆ, "ಅದನ್ನು ಅಂಗಳದಿಂದ ಆಚೆ ಇಡು" ಎಂದು ನನಗೆ ಹೇಳಿದಳು. ನಾನು ತೆಗೆದುಕೊಂಡು ಹೋಗಿ ಪಾಗಾರದ ಮೇಲೆ ಬೋರಲು ಇಟ್ಟೆ. ಅಂಗಳದ ಅಂಚಿಗೆ ಕಟ್ಟಿದ ಕೆಂಪುಕಲ್ಲಿನ ಮೋಟು ಗೋಡೆ ಅದು. ಅದರಿಂದಾಚೆ ಗೇರು ಮರಗಳು. ಅಂಗಳ ಅಲ್ಲಿಗೆ ಮುಗಿಯುತ್ತದೆ.

ಮೇಸ್ತ್ರಿ ಹೋದ ಮೇಲೆ ಮಾತಾಯಿತು. ಜಗಳ ಅನ್ನುವಷ್ಟಲ್ಲ.

"ಇದು ಹೂವಿನ ಗಿಡಕ್ಕೆ, ಅಮ್ಮ. ಹೆಣಕ್ಕಲ್ಲ" ಎಂದ ಅಪ್ಪ.

"ನಾನು ಹೂವಿನ ಗಿಡವನ್ನು ಬೇಡ ಹೇಳಿದೆನಾ?"

"ಮತ್ತೆ?"

"ಅಡಿಗೆ ತೂತು ಹಾಕಿದ್ದು ಈ ಅಂಗಳದಲ್ಲಿ ಒಣಗುವುದು ಬೇಡ. ನಾನು ಇರುವವರೆಗೆ ಬೇಡ."

ಅಮ್ಮ ಬೀಡಿ ಎಲೆ ಕತ್ತರಿಸುತ್ತಾ ಹೇಳಿದಳು, "ಬೀಡಿ ಎಲೆಗೆ ತೂತಿದ್ದರೆ ಕಂಪೆನಿಯ ಬ್ರಾಂಚಿನವರು ತಗೊಳ್ಳುವುದಿಲ್ಲ. ಮಡಕೆಗೆ ತೂತಿಲ್ಲದಿದ್ದರೆ ಇವರು ತಗೊಳ್ಳುವುದಿಲ್ಲ. ಒಳ್ಳೆ ಮನೆಗೆ ಕೊಟ್ಟರು ನನ್ನನ್ನು." ಯಾರೂ ನಗಲಿಲ್ಲ.

ಅಪ್ಪ ಒಂದು ಉಪಾಯ ಮಾಡಿದ. ಕುಂಡಗಳನ್ನು ತೂತಿಲ್ಲದೆ ಮಾಡುವುದು, ತೂತಿಲ್ಲದೆ ಸುಡುವುದು, ಮಣಿಪಾಲಕ್ಕೆ ಸಾಗಿಸಿ ಅಲ್ಲಿ ತೂತು ಕೊರೆಯುವುದು. ಮಾತು ಮೀರಿದಂತೆಯೂ ಆಗುವುದಿಲ್ಲ, ಕೆಲಸವೂ ಬಿಡುವುದಿಲ್ಲ. ಹಸಿ ಮಣ್ಣಿಗೆ ಬೆರಳು ಒತ್ತಿದರೆ ಆಗುವ ಕೆಲಸ. ಸುಟ್ಟ ಮೇಲೆ ಅದು ಕಲ್ಲು ಕೆತ್ತಿದ ಹಾಗೆ. ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಹಾಗೇ ಮಾಡಿದೆವು.

ಲಾರಿ ಕಾಪುವಿನ ಒಬ್ಬ ಬ್ಯಾರಿ ಡ್ರೈವರನದು. ಹುಲ್ಲು ಹಾಸಿ ಕುಂಡ ಜೋಡಿಸಿದೆವು. ಮಣಿಪಾಲದಲ್ಲಿ ಒಂದು ಹೊಸ ಕಟ್ಟಡದ ಹಿಂದೆ ಕೂತು ನಾನೂ ಅಪ್ಪನೂ ಉಳಿ ಹಿಡಿದು ಒಂದೊಂದಾಗಿ ಕೊರೆದೆವು. ನಿಧಾನಕ್ಕೆ ಹೊಡೆದರೆ ತೂತಾಗುವುದಿಲ್ಲ, ಗಟ್ಟಿ ಹೊಡೆದರೆ ಅಡಿಯೇ ಕೈಗೆ ಬರುತ್ತದೆ. ಅರ್ಧದಷ್ಟು ಒಡೆದವು. ಡ್ರೈವರ್ ಲಾರಿಗೆ ಒರಗಿ ಬೀಡಿ ಸೇದುತ್ತಾ ನೋಡುತ್ತಿದ್ದ.

"ಎಂತ ಮಾರಾಯ ಇದು. ಒಡೆಯಲಿಕ್ಕೆ ಅಂತ ಇಷ್ಟು ದೂರ ಹುಲ್ಲಿನಲ್ಲಿ ಮಲಗಿಸಿ ತಂದದ್ದಾ? ನಿಮ್ಮ ಮನೆಯಲ್ಲೇ ಒಡೆದಿದ್ದರೆ ನನ್ನ ಡೀಸೆಲ್ ಉಳಿಯುತ್ತಿತ್ತು."

ಮೇಸ್ತ್ರಿ ಬಂದವನು ಮೊದಲು ನಕ್ಕ, ಚೂರುಗಳನ್ನು ನೋಡಿದ ಮೇಲೆ ನಗು ನಿಲ್ಲಿಸಿದ. ಅಪ್ಪ ಕಾರಣ ಹೇಳಿದ. ಮೇಸ್ತ್ರಿ ನಮ್ಮ ಕಡೆಯವನೇ. ಅವನಿಗೆ ಅರ್ಥವಾಯಿತು, ಅದರಿಂದ ಏನೂ ಪ್ರಯೋಜನವಾಗಲಿಲ್ಲ.

"ಅಜ್ಜಿ ಹೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ಮೇಲಿನವರಿಗೆ ನಾನು ಅಜ್ಜಿಯ ಕತೆ ಹೇಳಲಿಕ್ಕೆ ಆಗುತ್ತದಾ? ಶಿವರಾತ್ರಿಯ ಒಳಗೆ ಇನ್ನೊಂದು ಆವೆ ಹಾಕಿ. ನೀರು ಹೋಗುವ ಕುಂಡ ಬೇಕು, ಒಡೆದದ್ದು ಬೇಡ. ಆಗದಿದ್ದರೆ ಹೇಳಿ, ನಾನು ಮಂಗಳೂರಿಗೆ ಹೋಗುತ್ತೇನೆ. ಬೇಸರ ಮಾಡಬೇಡಿ."

ಲಾರಿಯಲ್ಲಿ ಬರುವಾಗ ಅಪ್ಪನ ಎದುರು ಎರಡೇ ದಾರಿ ಇದ್ದವು. ಅಂಗಳದಲ್ಲಿ ತೂತಿನ ಕುಂಡ ಒಣಗಿಸಬೇಕು, ಇಲ್ಲವೇ ಕೋರೆ.

ಆ ಹೊತ್ತಿಗೆ ಗೇರು ಹೂ ಬಿಟ್ಟಿತ್ತು. ಪಾಗಾರದ ಮೇಲೆ ಬೋರಲು ಇಟ್ಟ ಮಾದರಿ ಕುಂಡದ ಸುತ್ತ ಕಪ್ಪಗೆ ಏನೋ ಹಾರುತ್ತಿರುವುದು ನನಗೆ ಕಂಡಿತು. ಮೊದಲು ನುಸಿ ಅಂದುಕೊಂಡೆ. ಹತ್ತಿರ ಹೋದರೆ ಮುಜಂಟಿ. ಮೇಲಾಗಿದ್ದ ಅಡಿಯ ತೂತಿನಿಂದ ಒಳಗೆ ಹೋಗುತ್ತಿದ್ದವು, ಹೊರಗೆ ಬರುತ್ತಿದ್ದವು. ಕೆಲವುಗಳ ಹಿಂಗಾಲಿನಲ್ಲಿ ಗೇರಿನ ಅಂಟು ಇತ್ತು. ಮುಜಂಟಿ ಒಂದೇ ದಿನದಲ್ಲಿ ಬಂದು ಕೂರುವುದಿಲ್ಲ. ಹಳೇ ಗೂಡಿನಿಂದ ಸಾಮಾನು ಹೊತ್ತು ತಂದು ಹೊಸ ಗೂಡು ಸರಿ ಮಾಡಿ, ಆಮೇಲೆ ರಾಣಿಯನ್ನು ಕರೆಯುತ್ತವೆ. ನಮ್ಮ ಕುಂಡಕ್ಕೂ ಹಾಗೇ ಒಕ್ಕಲು ಬರುತ್ತಿದ್ದವು.

ಅಪ್ಪನಿಗೆ ತೋರಿಸಿದೆ. ಅವನಿಗೆ ಇದ್ದಕ್ಕಿದ್ದ ಹಾಗೆ ಧೈರ್ಯ ಬಂತು. ಜೇನು ತಾನಾಗಿ ಬಂದ ಮನೆ ಕೆಡುವುದಿಲ್ಲ, ಓಡಿಸಬಾರದು ಎಂದು ಹೇಳುತ್ತಿದ್ದವಳು ಅಜ್ಜಿಯೇ. ಅಪ್ಪ ನೇರ ಅವಳ ಹತ್ತಿರ ಹೋದ. ಅವಳು ಮಡಕೆ ತಟ್ಟುತ್ತಿದ್ದಳು.

"ಅಮ್ಮ, ಆ ತೂತಿನ ಕುಂಡಕ್ಕೆ ಮುಜಂಟಿ ಬಂದಿದೆ."

"ಬರಲಿ."

"ತೂತಿನಿಂದಲೇ ಒಳಗೆ ಹೋಗುತ್ತಾ ಉಂಟು. ಅದಕ್ಕೆ ಆಗುತ್ತದೆ, ನಿನಗೆ ಮಾತ್ರ ಆಗುವುದಿಲ್ವಾ?"

ಅಜ್ಜಿ ಹಲಗೆ ನಿಲ್ಲಿಸಲಿಲ್ಲ. "ಜೇನಿಗೆ ಗಂಡ ಸತ್ತದ್ದು ನೀನು ನೋಡಿದ್ದೀಯಾ?"

ಅಪ್ಪ ವಾಪಸು ಬಂದ. ಅಜ್ಜನ ಚಿತೆಗೆ ಮಡಕೆ ಹೊತ್ತು ಸುತ್ತು ಬಂದವನು ಅವನೇ ತಾನೆ. ಅಜ್ಜಿ ಆ ದಿನ ಜಗಲಿಯ ಕಂಬ ಹಿಡಿದು ನಿಂತು ಎಲ್ಲಿಯವರೆಗೆ ಕಾಣುತ್ತದೋ ಅಲ್ಲಿಯವರೆಗೆ ನೋಡಿದ್ದಳಂತೆ. ಇದನ್ನು ಅಮ್ಮ ಹೇಳಿದ್ದು. ಅಪ್ಪ ಆ ವಿಷಯ ಎತ್ತಿದ್ದು ನಾನು ಕೇಳಿಲ್ಲ.

ಆದರೂ ಅವನು ಚಕ್ರಕ್ಕೆ ಕೂತ. ಮಣ್ಣು ಹದವಾಗಿತ್ತು, ಬಿಟ್ಟರೆ ಹಾಳಾಗುತ್ತದೆ. ಅಡಿ ಚಪ್ಪಟೆ ಇರುವ ಕುಂಡಗಳನ್ನು ಇಳಿಸಿದ. ತೂತು ಹಾಕಲಿಲ್ಲ. ಆಮೇಲೆ ನೋಡುವ ಎಂದ. ಆಮೇಲೆ ಅನ್ನುವುದು ಹಸಿ ಮಣ್ಣಿನಲ್ಲಿ ಎರಡು ದಿನ. ಅಷ್ಟರಲ್ಲಿ ಒಣಗಿ ಬಿಡುತ್ತದೆ.

ಒಳಗಿನ ಆಳದ ಅಳತೆ ಅಪ್ಪನಿಗೆ ಮರೆತಿತ್ತು. ಮಾದರಿ ಕುಂಡ ತರಲು ನಾನು ಪಾಗಾರಕ್ಕೆ ಹೋದೆ. ಎತ್ತಿದರೆ ಅದು ಬರಲಿಲ್ಲ. ಬಾಯಿಯ ಸುತ್ತ ಕಲ್ಲಿಗೂ ಕುಂಡಕ್ಕೂ ನಡುವೆ ಮುಜಂಟಿಗಳು ಮೇಣ ತುಂಬಿ ಅಂಟಿಸಿಬಿಟ್ಟಿದ್ದವು. ಎರಡನೇ ಸಲ ಅಲುಗಿಸಿದಾಗ ತಲೆಗೆ ಮುತ್ತಿದವು. ಚುಚ್ಚುವುದಿಲ್ಲ, ಆದರೆ ಕೂದಲಿನೊಳಗೆ ಹೊಕ್ಕು ಕಚ್ಚುತ್ತವೆ. ಕಿವಿ ಬಿಡುವುದಿಲ್ಲ. ನಾನು ತಲೆ ಕೊಡವಿಕೊಂಡು ಬಂದೆ. ಅಪ್ಪ ತೆಂಗಿನ ಕಡ್ಡಿ ತೆಗೆದುಕೊಂಡು ಹೋಗಿ ಹೊರಗಿನಿಂದ ಅಳತೆ ಹಿಡಿದು, ದಪ್ಪವನ್ನು ಅಂದಾಜಿನಲ್ಲಿ ಕಳೆದ.

ಇದನ್ನೆಲ್ಲ ಅಜ್ಜಿ ನೋಡುತ್ತಿದ್ದಳು. ಪಕ್ಕದ ಮನೆಯವರ ನೀರಿನ ಕೊಡ ಸೋರುತ್ತಿತ್ತು, ಅವಳಿಗೆ ಚೂರು ಮೇಣ ಬೇಕಿತ್ತು. ಪಾಗಾರದ ಹತ್ತಿರ ಹೋದಳು. ಕುಂಡದ ಹತ್ತಿರ ಅವಳು ಹೋದದ್ದು ಅದೇ ಮೊದಲು. ಉಗುರಿನಲ್ಲಿ ಬಾಯಿಯ ಅಂಚಿನಿಂದ ಮೇಣ ಕೆರೆದಳು. ಆಮೇಲೆ ತಲೆ ಬಗ್ಗಿಸಿ ಮೇಲ್ಭಾಗ ನೋಡಿದಳು.

"ಮಗಾ, ಇಲ್ಲಿ ಬಾ" ಎಂದು ಅಪ್ಪನನ್ನು ಕರೆದಳು. "ತೂತು ಎಲ್ಲಿ ಉಂಟು, ತೋರಿಸು."

ಅಪ್ಪ ನೋಡಿದ. ನಾನೂ ನೋಡಿದೆ. ತೂತು ಇರಲಿಲ್ಲ. ಇದ್ದ ಜಾಗದಲ್ಲಿ ಕಪ್ಪು ಮೇಣ ಗಟ್ಟಿಯಾಗಿ ಕೂತಿತ್ತು. ಬೆರಳಿನಿಂದ ಒತ್ತಿದರೆ ಒಳಗೆ ಹೋಗುವುದಿಲ್ಲ.

"ತೂತು ಅವಕ್ಕೆ ಆಗುತ್ತದೆ ಅಂತ ಹೇಳಿದೆಯಲ್ಲ. ಬಂದು ಅವು ಮಾಡಿದ ಕೆಲಸ ಎಂತದು?"

"ಮುಚ್ಚಿದ್ದು."

"ನಾನು ಹೇಳಿದ್ದಲ್ಲ ಅದು. ಅವುಗಳೇ ಮಾಡಿದ್ದು."

ಅಪ್ಪ ಪಾಗಾರದ ಮೇಲೆ ಕೂತ. ಕೈಗೆ ಹತ್ತಿದ ಮಣ್ಣನ್ನು ಉಜ್ಜುತ್ತಾ ಇದ್ದ. "ಆಯಿತು ಅಮ್ಮ. ಚಕ್ರ ನಿಲ್ಲಿಸುತ್ತೇನೆ. ಸೋಮವಾರದಿಂದ ಕೋರೆಗೆ ಹೋಗುತ್ತೇನೆ" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಅಜ್ಜಿ ಬೈಯುತ್ತಿದ್ದಳು. ಅವಳು ಅವನ ಬೆನ್ನು ನೋಡಿದಳು.

ನನಗೆ ಇಬ್ಬರ ಮೇಲೂ ಬೇಸರ ಬಂದಿತ್ತು. ಒಂದು ತೂತಿಗೆ ಇಷ್ಟು ಮಾತು. ಸುಮ್ಮನೆ ಕೇಳಿದೆ, "ಇದು ಮುಚ್ಚಿದರೆ ಇವು ಒಳಗೆ ಹೋಗುವುದು ಎಲ್ಲಿಂದ?"

ಹುಡುಕಬೇಕಾಗಿರಲಿಲ್ಲ. ಕುಂಡದ ಬಾಯಿ ಕೂತ ಜಾಗದಲ್ಲಿ, ಕಲ್ಲಿನಲ್ಲಿ ಸಣ್ಣ ಗುಳಿ ಇತ್ತು. ಅಲ್ಲಿಂದ ಮೇಣದ ಒಂದು ಕೊಳವೆ ಬದಿಗೆ ಹೊರಗೆ ಬಂದಿತ್ತು. ಕಿರುಬೆರಳಿನಷ್ಟು ದಪ್ಪ, ತುದಿ ಸ್ವಲ್ಪ ಅಗಲ. ಅದರ ಬಾಯಲ್ಲಿ ಕಾವಲಿಗೆ ನಾಲ್ಕಾರು ಕೂತಿದ್ದವು, ಉಳಿದವು ಅದರಿಂದ ಹೋಗಿ ಬರುತ್ತಿದ್ದವು. ಅಜ್ಜಿ ಬಗ್ಗಿ ನೋಡಿದಳು. ಒಂದು ಅವಳ ಹುಬ್ಬಿನ ಮೇಲೆ ಕೂತಿತು. ಓಡಿಸಲಿಲ್ಲ. ಮೇಣದ ಉಂಡೆ ಹಿಡಿದುಕೊಂಡು ಒಳಗೆ ಹೋದಳು. ಪಕ್ಕದ ಮನೆಯವರ ಕೊಡ ಆ ದಿನವೇ ಸರಿಯಾಯಿತು.

ಮರುದಿನ ಬೆಳಿಗ್ಗೆ ಅಪ್ಪ ಗಂಜಿ ಉಣ್ಣುತ್ತಿದ್ದಾಗ ಅವಳು ಕೇಳಿದಳು.

"ನೀರು ಹೊರಗೆ ಹೋಗಬೇಕು. ಅಷ್ಟೇ ಅಲ್ವಾ ಆ ಮೇಸ್ತ್ರಿಗೆ?"

"ಅಷ್ಟೇ."

"ಅಡಿಯಿಂದಲೇ ಹೋಗಬೇಕು ಅಂತ ಅವನ ಅಪ್ಪ ಹೇಳಿ ಸತ್ತಿದ್ದಾನಾ?"

ಅಪ್ಪ ಗಂಜಿಯ ಬಟ್ಟಲು ಕೆಳಗಿಟ್ಟ.

"ಗಿಂಡಿಯ ನೀರು ಬದಿಯ ಮೂತಿಯಿಂದ ಬರುತ್ತದೆ. ಅದನ್ನು ತೂತು ಅಂತ ಯಾರಾದರೂ ಹೇಳುತ್ತಾರಾ? ಬದಿಗೆ ಹಾಕು. ಅಡಿ ಮುಟ್ಟಬೇಡ."

ಕುಂಡಗಳು ಆಗ ಚಕ್ಕೆಯಾಗುವಷ್ಟು ಒಣಗಿರಲಿಲ್ಲ, ಬೆರಳು ಅಂಟುವಷ್ಟು ಹಸಿಯೂ ಇರಲಿಲ್ಲ. ತಡ ಮಾಡಿದರೆ ಕೆಡುತ್ತಿತ್ತು. ಅಪ್ಪ ಬಿದಿರಿನ ಕಡ್ಡಿ ಚೂಪು ಮಾಡಿದ. ಅಡಿಗಿಂತ ಒಂದು ಬೆರಳು ಮೇಲೆ, ಮೂರು ಕಡೆ, ಒಳಗೆ ಕೈ ಒತ್ತು ಕೊಟ್ಟು ಹೊರಗಿನಿಂದ ಚುಚ್ಚಿದ. ಮೊದಲ ಕುಂಡದ ಬದಿ ಕುಸಿಯಿತು. ಅಜ್ಜಿ ಬಂದು ಒಳಗೆ ತನ್ನ ಕಲ್ಲು ಹಿಡಿದಳು. ಆಮೇಲೆ ಕುಸಿಯಲಿಲ್ಲ. ಅವಳು ಹಿಡಿಯುವುದು, ಅಪ್ಪ ಚುಚ್ಚುವುದು, ನಾನು ಎತ್ತಿ ಇಡುವುದು. ಮಧ್ಯಾಹ್ನದ ತನಕ ಹೀಗೇ ನಡೆಯಿತು. ಒಂದೊಂದು ಮುಗಿದಾಗಲೂ ಅವಳು ಅಡಿಯ ಮೇಲೆ ಅಂಗೈ ಇಟ್ಟು ನೋಡಿ ನನಗೆ ಕೊಡುತ್ತಿದ್ದಳು.

ಮೇಸ್ತ್ರಿಯನ್ನು ಕೇಳಿರಲಿಲ್ಲ. ಕೇಳಲು ಮಣಿಪಾಲಕ್ಕೆ ಹೋದರೆ ಮಣ್ಣು ಕಾಯುವುದಿಲ್ಲ. ಅವನು ಬೇಡ ಅಂದರೆ ಇಡೀ ಆವೆ ದಂಡ, ಸೌದೆಯೂ ದಂಡ, ಮತ್ತೆ ಕೋರೆ. ಆದರೂ ಅಪ್ಪ ಆವೆಗೆ ಬೆಂಕಿ ಹಾಕಿದ.

ಶಿವರಾತ್ರಿಗೆ ಮೊದಲು ಮೇಸ್ತ್ರಿ ಅದೇ ಲಾರಿಯಲ್ಲಿ ಬಂದ. ಇಳಿದವನು ಮೊದಲು ಕೇಳಿದ್ದು ಮಾದರಿ ಕುಂಡವನ್ನು. ಅದು ಲೆಕ್ಕದ್ದಂತೆ, ವಾಪಸು ಕೊಡಬೇಕಂತೆ. ನಾನು ಪಾಗಾರ ತೋರಿಸಿದೆ. ಹೇಳುವ ಮೊದಲೇ ಹೋಗಿ ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದ. ಅವನ ಕೂದಲು ದಟ್ಟ, ಎಣ್ಣೆ ಹಾಕಿ ಬಾಚಿದ್ದ. ಡ್ರೈವರ್ ಲಾರಿಯಿಂದ ಇಳಿಯದೆ ಗ್ಲಾಸ್ ಏರಿಸಿಕೊಂಡ.

"ಚುಚ್ಚುವುದಿಲ್ಲ ಅದು" ಎಂದೆ.

"ಚುಚ್ಚದಿದ್ದರೆ ಇದೆಂತ ಮಾಡುವುದು ನನ್ನ ಕಿವಿಯಲ್ಲಿ" ಎಂದ ಮೇಸ್ತ್ರಿ. ಅಮ್ಮ ಸೆರಗಿನಿಂದ ಅವನ ತಲೆ ಕೊಡವಿದಳು. ಮಾದರಿಯ ವಿಷಯ ಅಲ್ಲಿಗೆ ಬಿಟ್ಟ.

ಹಾಗಾಗಿ ನಮ್ಮ ಕುಂಡಗಳ ಹತ್ತಿರ ಬರುವಾಗ ಅವನ ಮುಖ ಸರಿ ಇರಲಿಲ್ಲ. ಒಂದನ್ನು ಎತ್ತಿ ತಿರುಗಿಸಿದ. ಅಡಿ ನೋಡಿದ. ಅಪ್ಪನ ಮುಖ ನೋಡಿದ.

"ಪುನಃ ಅದೇ ಕತೆಯಾ?"

"ಬದಿ ನೋಡಿ" ಎಂದ ಅಪ್ಪ.

ಬದಿ ನೋಡಿದ. ತೂತಿನಲ್ಲಿ ಬೆರಳು ತೂರಿಸಿದ. ನೀರು ತರಲು ಹೇಳಿದ. ನಾನು ಕೊಡದಿಂದ ಸುರಿದೆ. ಮೂರು ಕಡೆಯಿಂದಲೂ ನೀರು ಬಂತು, ಅಜ್ಜಿ ಗುಡಿಸಿದ್ದ ಅಂಗಳದ ಮೇಲೆ ಹರಿಯಿತು. ನಿಂತಿತು. ಮೇಸ್ತ್ರಿ ಒಳಗೆ ಇಣುಕಿದ.

"ಒಂದು ಬೆರಳು ನೀರು ಒಳಗೇ ಉಂಟು. ಬೇರು ಕೊಳೆಯುತ್ತದೆ ಮಾರಾಯ್ರೆ."

"ಅಡಿಗೆ ಚೂರು ತುಂಬಿ, ಮೇಲಿನಿಂದ ಮಣ್ಣು ಹಾಕಿ" ಎಂದ ಅಪ್ಪ. "ತೂತಿನ ಮಟ್ಟಕ್ಕೆ ಚೂರು ಬಂದರೆ ಬೇರು ನೀರಿಗೆ ಇಳಿಯುವುದಿಲ್ಲ."

"ಚೂರಿಗೆ ನಾನು ಎಲ್ಲಿ ಹೋಗಲಿ?"

"ಹೋದ ಸಲ ನಿನ್ನ ಹತ್ತಿರ ಲಾರಿ ತುಂಬಾ ಬಿಟ್ಟು ಬಂದಿದ್ದಾರಲ್ಲ" ಎಂದಳು ಅಜ್ಜಿ, ಜಗಲಿಯಿಂದಲೇ.

ಡ್ರೈವರ್ ಗ್ಲಾಸ್ ಇಳಿಸಿ ನಕ್ಕ. ಮೇಸ್ತ್ರಿಗೂ ನಗು ಬಂತು, ತಡೆದುಕೊಂಡ. ಕುಂಡದ ಸುತ್ತ ಒಂದು ಸುತ್ತು ಬಂದ. ಸಿಮೆಂಟ್ ನೆಲದ ಮೇಲೆ ಇಟ್ಟರೆ ಅಡಿಯ ತೂತು ಕಟ್ಟಿಕೊಳ್ಳುತ್ತದೆ, ಇದು ಕಟ್ಟುವುದಿಲ್ಲ ಎಂದು ತನಗೆ ತಾನೇ ಹೇಳಿದ ಹಾಗೆ ಹೇಳಿದ. ಇನ್ನೊಂದಕ್ಕೆ ನೀರು ಸುರಿಸಿದ, ಮತ್ತೊಂದಕ್ಕೂ. ನಾನು ಬಾವಿಗೆ ಎರಡು ಸಲ ಹೋಗಿ ಬಂದೆ. ಅಷ್ಟು ಹೊತ್ತೂ ಅಪ್ಪ ಕೈ ಕಟ್ಟಿ ನಿಂತಿದ್ದ.

"ಈ ಸಲ ತೆಗೆದುಕೊಂಡು ಹೋಗುತ್ತೇನೆ" ಎಂದ ಮೇಸ್ತ್ರಿ ಕೊನೆಗೆ. "ಗಿಡ ಸತ್ತರೆ ಮಾತ್ರ ಅಜ್ಜಿಯನ್ನೇ ಲಾರಿಯಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಮೇಲಿನವರ ಎದುರು ನಿಲ್ಲಿಸುತ್ತೇನೆ."

"ಮುಂದಿನ ಸೀಟು ಕೊಟ್ಟರೆ ಬರುತ್ತೇನೆ" ಎಂದಳು ಅಜ್ಜಿ.

ಹುಲ್ಲು ಹಾಸಿ ತುಂಬಿದೆವು. ಒಂದೂ ಒಡೆಯಲಿಲ್ಲ. ಲಾರಿ ರಸ್ತೆಗೆ ತಿರುಗುವವರೆಗೆ ಅಪ್ಪ ಅಂಗಳದಲ್ಲೇ ಇದ್ದ, ಆಮೇಲೆ ಒಳಗೆ ಹೋಗಿ ಅಂಗಿ ಬಿಚ್ಚಿ ಮಲಗಿದ. ಹಗಲಿನಲ್ಲಿ ಅವನು ಮಲಗಿದ್ದು ನಾನು ನೋಡಿರಲಿಲ್ಲ.

ಗಿಡ ಸಾಯಲಿಲ್ಲ. ಸತ್ತಿದ್ದರೆ ಮೇಸ್ತ್ರಿ ಪುನಃ ಕುಂಡ ಕೇಳಿಕೊಂಡು ಬರುತ್ತಿರಲಿಲ್ಲ, ಅವನು ಬಂದ. ಮಾದರಿ ಕುಂಡ ಪಾಗಾರದಲ್ಲೇ ಉಳಿಯಿತು. ಮಳೆಗಾಲಕ್ಕೆ ಅಪ್ಪ ಅದರ ಮೇಲೆ ಎರಡು ಹಂಚು ಇಟ್ಟ.

ಆ ಲಾರಿ ಹೋದ ಮೇಲಿನ ಸೋಮವಾರವೂ ಅಪ್ಪ ಕೋರೆಗೆ ಹೋಗಲಿಲ್ಲ. ನಾವಿಬ್ಬರೂ ಬುಟ್ಟಿ, ಹಾರೆ ಹಿಡಿದುಕೊಂಡು ಗದ್ದೆಗೆ ಹೋದೆವು. ಮಳೆ ಬರುವ ಮೊದಲು ಇನ್ನೊಂದು ಆವೆಗೆ ಆಗುವಷ್ಟು ಮಣ್ಣು ತೆಗೆಯಬೇಕಿತ್ತು.